ಬೀಳು ಹೊಲದಲ್ಲಿ ಕೃಷ್ಣಮೃಗ, ಕೊಂಡುಕುರಿ ಮೈತುಂಬಬೇಕೆ? ಹುಲ್ಲು, ಗಿಡ, ನೀರು, ಬೇಲಿಗಳಲ್ಲಿ ಯಾವುದು ಮೊದಲು

ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಐದೋ ಹತ್ತೋ ಎಕರೆ ಕಲ್ಲುನೆಲವನ್ನು ಬೀಳು ಬಿಟ್ಟ ಮನೆಗಳು ಊರಿಗೆ ನಾಲ್ಕಾದರೂ ಸಿಗುತ್ತವೆ. ಬೋರ್‌ವೆಲ್ ಬತ್ತಿರುತ್ತದೆ, ಮಕ್ಕಳು ಬೆಂಗಳೂರು ಸೇರಿರುತ್ತಾರೆ, ಶೇಂಗಾ ಹಾಕಿದರೆ ಬೀಜದ ದುಡ್ಡೂ ಹುಟ್ಟುವುದಿಲ್ಲ. ಹೊಲ ಕಾವಲಿನ (ಮೇಯಲು ಬಿಟ್ಟ ಹುಲ್ಲುಗಾವಲಿನ) ಅಂಚಿಗಿದ್ದರೆ ಬೆಳಗಾಗುವ ಹೊತ್ತಿಗೆ ಕೃಷ್ಣಮೃಗಗಳು ಬಂದು ನಿಂತಿರುತ್ತವೆ. ಗುಡ್ಡದ ಮಗ್ಗುಲಿಗಿದ್ದರೆ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಕಾಡುಪ್ರಾಣಿಯ ಹಿಕ್ಕೆ ಕಾಣುತ್ತದೆ. ‘ಹೇಗೂ ಪಾಳು ಬಿದ್ದಿದೆ, ಇವಾದರೂ ತಿಂದು ದಷ್ಟಪುಷ್ಟವಾಗಲಿ’ ಎಂದು ಮನಸ್ಸು ಮಾಡಿದವರಿಗೆ ಎದುರಾಗುವ ತೊಡಕು ಒಂದೇ: ಕೈಲಿರುವ ಸ್ವಲ್ಪ ದುಡ್ಡನ್ನು ಯಾವುದಕ್ಕೆ ಹಾಕುವುದು? ಸಸಿಗೋ, ಹೊಂಡಕ್ಕೋ, ಬೇಲಿಗೋ, ಉಪ್ಪಿನ ಗಡ್ಡೆಗೋ?

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೀಮೆಯಲ್ಲಿ ಪ್ರಾಣಿಯ ಮೈ ಕಟ್ಟುವುದು ಮಳೆಗಾಲದ ಹಸಿರಲ್ಲ, ಆ ಹಸಿರು ಎಲ್ಲರಿಗೂ ಸಿಗುತ್ತದೆ. ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ ಹೊಲದಲ್ಲಿ ಏನು ಉಳಿದಿದೆ ಎನ್ನುವುದೇ ಅದರ ತೂಕವನ್ನು ತೀರ್ಮಾನಿಸುತ್ತದೆ. ಹೀಗಾಗಿ ಹುಲ್ಲಿಗೆ ಬಿಡುವು ಕೊಡುವುದು ಮೊದಲು, ಬೇಸಿಗೆಯ ನೀರು ಎರಡನೆಯದು, ನಾಯಿ ಮತ್ತು ತಂತಿಯಿಂದ ಕಾಪಾಡುವುದು ಮೂರನೆಯದು. ಸಸಿ, ಉಪ್ಪು, ಕಾಳು ಇವೆಲ್ಲ ಆಮೇಲೆ. ಕೆಲವು ಬೇಡವೇ ಬೇಡ.

ಕಾನೂನಿನ ಮಾತು, ಚುಟುಕಾಗಿ

ಅಮೆರಿಕದ ಟೆಕ್ಸಾಸ್‌ನಲ್ಲಿ ಜಮೀನಿನ ಒಡೆಯರು ಬೇಟೆಯ ಆದಾಯಕ್ಕಾಗಿಯೇ ಹುಲ್ಲುಗಾವಲು ನೋಡಿಕೊಳ್ಳುತ್ತಾರೆ. ಕೊಂಬು ದೊಡ್ಡದಾದಷ್ಟೂ ದರ ದೊಡ್ಡದು. ನಮ್ಮ ಕೃಷ್ಣಮೃಗವನ್ನೂ 1932ರಲ್ಲಿ ಅಲ್ಲಿಗೆ ಒಯ್ದು ಬಿಟ್ಟರು, ಈಗ ಖಾಸಗಿ ಜಮೀನುಗಳಲ್ಲಿ ಅವು ಸಾವಿರಗಟ್ಟಲೆ ಇವೆ. ದಕ್ಷಿಣ ಆಫ್ರಿಕಾದಲ್ಲಿ ನಿಯಮದಂತೆ ಬೇಲಿ ಹಾಕಿದವನಿಗೆ ಒಳಗಿನ ಕಾಡುಪ್ರಾಣಿಯ ಒಡೆತನವೇ ಸಿಗುತ್ತದೆ. ನಮ್ಮಲ್ಲಿ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ, ಚಿಂಕಾರ ಎಂಬ ಸಣ್ಣ ಹುಲ್ಲೆ, ಕೊಂಡುಕುರಿ ಮೂರೂ ಅತಿ ಹೆಚ್ಚು ರಕ್ಷಣೆಯ ಮೊದಲನೇ ಅನುಸೂಚಿಯಲ್ಲಿವೆ. ಬೇಟೆಯಾಡಿದರೆ 3ರಿಂದ 7 ವರ್ಷ ಸೆರೆ. ಹಿಡಿದು ಸಾಕುವಂತಿಲ್ಲ. ನಿಮ್ಮ ಹೊಲದಲ್ಲಿ ತಾನಾಗಿ ಸತ್ತ ಪ್ರಾಣಿಯ ಕೊಂಬು ಸಿಕ್ಕರೂ ಅದು ಸರ್ಕಾರದ್ದು, 48 ಗಂಟೆಯೊಳಗೆ ಅರಣ್ಯ ಇಲಾಖೆಗೋ ಪೊಲೀಸರಿಗೋ ತಿಳಿಸಬೇಕು. ಗೋಡೆಗೆ ಮೊಳೆ ಹೊಡೆದು ತೂಗುಹಾಕುವಂತಿಲ್ಲ. ಕೆಲವು ಕಡೆ ಯುಗಾದಿಗೆ ಗುಂಪು ಕಟ್ಟಿಕೊಂಡು ಬೇಟೆಗೆ ಹೋಗುವ ರೂಢಿ ಇನ್ನೂ ಇದೆಯಲ್ಲ, ಅದಕ್ಕೂ ಕಾನೂನಿನಲ್ಲಿ ರಿಯಾಯಿತಿ ಇಲ್ಲ. ಪ್ರಾಣಿಯಿಂದ ಲಾಭ ನಿರೀಕ್ಷಿಸುವವರಿಗೆ ಈ ಬರಹದಿಂದ ಉಪಯೋಗವಿಲ್ಲ.

ಆದರೆ ಆ ಹೊರದೇಶದವರ ಒಂದು ತಿಳಿವಳಿಕೆ ನಮಗೂ ಬೇಕು. ಮೈಕಟ್ಟು, ಕೊಂಬು ದೊಡ್ಡದಾಗುವುದು ಮೂರರ ಮೇಲೆ ನಿಂತಿದೆ: ವಯಸ್ಸು, ಮೇವು, ವಂಶ. ವಂಶ ನಿಮ್ಮ ಕೈಲಿಲ್ಲ. ಒಂದು ಹಿಂಡು ಇನ್ನೊಂದರ ಜೊತೆ ಬೆರೆಯಲು ದಾರಿ ಕಟ್ಟದಿದ್ದರೆ ಅಷ್ಟೇ ಸಾಕು. ವಯಸ್ಸು ಅರ್ಧ ಕೈಲಿದೆ: ಗಂಡು ಕೃಷ್ಣಮೃಗ ಪೂರ್ತಿ ಕಪ್ಪಾಗಿ ಕೊಂಬು ಸುರುಳಿಗಟ್ಟಲು ಮೂರು ವರ್ಷವಾದರೂ ಬೇಕು, ಅಲ್ಲಿಯವರೆಗೆ ನಾಯಿಗೆ, ಉರುಳಿಗೆ, ಕರೆಂಟಿಗೆ ಸಿಗದೆ ಬದುಕಬೇಕು. ಮೇವು ಮಾತ್ರ ಬಹುಮಟ್ಟಿಗೆ ನಿಮ್ಮ ಕೈಲೇ ಇದೆ.

ಯಾವ ಪ್ರಾಣಿಗಾಗಿ? ಇದು ತೀರ್ಮಾನವಾಗದೆ ಗುದ್ದಲಿ ಎತ್ತಬೇಡಿ

ಕೃಷ್ಣಮೃಗಕ್ಕೆ ಒಳ್ಳೆಯದಾದದ್ದು ಕೊಂಡುಕುರಿಗೆ ಕೆಟ್ಟದ್ದಾಗಬಹುದು. ಎರಡಕ್ಕೂ ಒಂದೇ ಹೊಲದಲ್ಲಿ ಜಾಗ ಮಾಡಲು ಹೋದರೆ ಎರಡೂ ಬರುವುದಿಲ್ಲ.

ಕೃಷ್ಣಮೃಗ ಬಯಲಿನ ಪ್ರಾಣಿ. ಹುಲ್ಲು ಅದರ ಮುಖ್ಯ ಊಟ, ದೂರಕ್ಕೆ ಹರಿಯುವ ಕಣ್ಣು ಮತ್ತು ಓಟ ಅದರ ರಕ್ಷಣೆ. ಬೆಳೆದ ಗಂಡು 35ರಿಂದ 45 ಕಿಲೋ ತೂಗುತ್ತದೆ, ಕೊಂಬು ಎರಡಡಿ ದಾಟುವುದೂ ಉಂಟು. ನಾಲ್ಕೂ ಕಡೆ ನೋಟ ಹರಿಯದ ಜಾಗದಲ್ಲಿ ಅದು ನೆಮ್ಮದಿಯಾಗಿ ಮೇಯುವುದಿಲ್ಲ. ಪ್ರತಿ ಎರಡು ಬಾಯಿಗೆ ಒಮ್ಮೆ ತಲೆ ಎತ್ತುವ ಪ್ರಾಣಿಗೆ ಮೈ ಹತ್ತುವುದು ಹೇಗೆ? ಆದರೆ ಮರಿ ಹಾಕಿದ ಹೆಣ್ಣಿಗೆ ಮಾತ್ರ ಎತ್ತರದ ಹುಲ್ಲು ಬೇಕು, ಮೊದಲ ದಿನಗಳಲ್ಲಿ ಮರಿಯನ್ನು ಅದರಲ್ಲೇ ಅಡಗಿಸಿ ಮೇಯಲು ಹೋಗುತ್ತದೆ.

ಕೊಂಡುಕುರಿಯ ಬದುಕೇ ಬೇರೆ. ಗಂಡಿಗೆ ನಾಲ್ಕು ಕೊಂಬು, ಹಿಂದಿನವು ಗೇಣುದ್ದವೂ ಇಲ್ಲ, ಮುಂದಿನವು ಬರೀ ಮೊಳಕೆ. ತೂಕ 20 ಕಿಲೋ ಆಸುಪಾಸು. ಭಾರತ ಮತ್ತು ನೇಪಾಳ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಪ್ರಾಣಿ. ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿಯೋ ಜೋಡಿಯಾಗಿಯೋ ಕುರುಚಲು ಮತ್ತು ಉದ್ದ ಹುಲ್ಲಿನ ನಡುವೆ ಇರುತ್ತದೆ. ಹುಲ್ಲಿಗಿಂತ ಎಳೆ ಚಿಗುರು, ಹೂವು, ನೆಲ್ಲಿ, ಬಾರೆಯಂಥ ಉದುರಿದ ಹಣ್ಣು ಅದಕ್ಕೆ ಇಷ್ಟ. ನೀರಿನಿಂದ ದೂರ ಹೋಗುವುದಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವನ್ನು 2011ರಲ್ಲಿ ಕೊಂಡುಕುರಿಯ ಹೆಸರಿನಲ್ಲೇ ವನ್ಯಧಾಮ ಮಾಡಿದ್ದಾರೆ, ಸುಮಾರು 77 ಚದರ ಕಿಲೋಮೀಟರ್. ಅದರ ಸುತ್ತಲಿನ ಹೊಲದವರು ಕೃಷ್ಣಮೃಗದ ಆಸೆ ಬಿಟ್ಟು ಕೊಂಡುಕುರಿಯ ಲೆಕ್ಕ ಹಾಕುವುದೇ ಸರಿ.

ಚಿಂಕಾರ ಹಿರಿಯೂರಿನ ದಕ್ಷಿಣಕ್ಕೆ, ಸಿರಾ ಗಡಿಯ ಬುಕ್ಕಾಪಟ್ಟಣದ ಕಡೆ ಇದೆ. 2019ರಲ್ಲಿ ಅಲ್ಲಿ ಅದರ ಹೆಸರಿನ ವನ್ಯಧಾಮವಾಯಿತು. ಅದಕ್ಕೆ ಸೊಪ್ಪು, ಎಲೆಗಳಿಂದಲೇ ಬೇಕಾದಷ್ಟು ನೀರು ಸಿಗುವುದರಿಂದ ಕೆಳಗೆ ನೀರಿನ ಬಗ್ಗೆ ಹೇಳಿದ್ದು ಅಷ್ಟಾಗಿ ಅನ್ವಯಿಸುವುದಿಲ್ಲ. ಇನ್ನು ದಾವಣಗೆರೆ ಹತ್ತಿರದ ಆನಗೋಡಿನ ಮೃಗಾಲಯದಲ್ಲಿ ಮಕ್ಕಳಿಗೆ ತೋರಿಸುವ ಚುಕ್ಕೆ ಜಿಂಕೆ ಈ ಒಣ ಬೀಳಿಗೆ ಹೇಳಿ ಮಾಡಿಸಿದ ಪ್ರಾಣಿಯಲ್ಲ, ಅದಕ್ಕೆ ನೆರಳು, ನೀರು ಎರಡೂ ಧಾರಾಳವಾಗಿ ಬೇಕು. ಅದರ ಕೊಂಬು ವರ್ಷವರ್ಷ ಉದುರಿ ಹೊಸದಾಗಿ ಬರುವುದರಿಂದ ಆ ವರ್ಷದ ಮೇವು ಕೊಂಬಿನಲ್ಲಿ ಅಳೆದಂತೆ ಕಾಣುತ್ತದೆ. ಕೃಷ್ಣಮೃಗದ ಕೊಂಬು ಉದುರುವುದೇ ಇಲ್ಲ. ಎಳೆತನದಲ್ಲಿ ಬರ ಬಿದ್ದರೆ ಅದರ ಗುರುತು ಬಹುಮಟ್ಟಿಗೆ ಕೊನೆಯವರೆಗೂ ಉಳಿಯುತ್ತದೆ. ಒಂದು ಬೇಸಿಗೆ ಮಾತ್ರ ನೋಡಿಕೊಂಡು ಕೈಬಿಡುವುದಾದರೆ ಪ್ರಯೋಜನವಿಲ್ಲ ಎನ್ನುವುದು ಅದಕ್ಕೇ.

ಹುಲ್ಲೋ, ಗಿಡವೋ

ಬೀಳು ನೆಲ ಕಂಡರೆ ಸಸಿ ನೆಡಬೇಕು ಎನ್ನುವುದು ನಮ್ಮ ಕಾಲದ ಪುಣ್ಯಕಾರ್ಯ. ಶಾಲೆಯ ಮಕ್ಕಳನ್ನು ಕರೆತಂದು ಗುಂಡಿ ತೆಗೆದು ಫೋಟೊ ಹಿಡಿಸಿದರೆ ಮುಗಿಯಿತು. ಕೃಷ್ಣಮೃಗದ ನೆಲದಲ್ಲಿ ಇದಕ್ಕಿಂತ ಕೆಟ್ಟ ಉಪಕಾರ ಇನ್ನೊಂದಿಲ್ಲ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಹರಿಹರ ದಾಟಿದರೆ ರಾಣೆಬೆನ್ನೂರು. ಅಲ್ಲಿನ ಕೃಷ್ಣಮೃಗ ವನ್ಯಧಾಮ 1974ರದ್ದು, 119 ಚದರ ಕಿಲೋಮೀಟರ್. ಆ ಬಯಲಿನ ಬಹುಭಾಗದಲ್ಲಿ ನೀಲಗಿರಿ ನೆಟ್ಟರು. ನೀಲಗಿರಿಯ ಕೆಳಗೆ ಹುಲ್ಲು ನಿಲ್ಲುವುದಿಲ್ಲ, ಹುಲ್ಲಿಲ್ಲದ ಕಡೆ ಕೃಷ್ಣಮೃಗ ಸುತ್ತಲಿನ ಹೊಲಕ್ಕೆ ಬರದೆ ಇನ್ನೆಲ್ಲಿಗೆ ಹೋದೀತು? ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಇದಕ್ಕೆ ಎದುರು ಬದಿ. ಜಯಮಂಗಲಿ ಎಂದು ಕರೆಯುವ ಆ 798 ಎಕರೆ ಬಯಲು 2007ರಿಂದ ಸಂರಕ್ಷಿತ ಮೀಸಲು. ಅಲ್ಲಿಯೂ ಒಂದಷ್ಟು ನೆಡುತೋಪು ಇದೆ, ಆದರೆ ಕೃಷ್ಣಮೃಗ ನೋಡಲು ಹೋದವರು ಕ್ಯಾಮೆರಾ ತಿರುಗಿಸುವುದು ತೆರೆದ ಹುಲ್ಲಿನ ಕಡೆಗೇ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು, ಆದ್ದರಿಂದ ಅದರ ಆಯ್ಕೆ ನಿಮಗೆ ಹೇಗೂ ಇಲ್ಲ.

ಹಾಗಾದರೆ ಹೊಲದಲ್ಲಿ ಆಗಲೇ ಹಬ್ಬಿರುವ ಬಳ್ಳಾರಿ ಜಾಲಿ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಬೇಸಿಗೆಯಲ್ಲಿ ಅದರ ಸಿಹಿ ಕಾಯಿಯನ್ನು ಕೃಷ್ಣಮೃಗವೂ ತಿನ್ನುತ್ತದೆ, ಕುರಿಯೂ ತಿನ್ನುತ್ತದೆ, ಹಿಕ್ಕೆಯ ಜೊತೆ ಬೀಜವನ್ನು ಹೊಲವೆಲ್ಲ ಬಿತ್ತುತ್ತವೆ. ಐದಾರು ವರ್ಷ ಬಿಟ್ಟರೆ ಮನುಷ್ಯನೇ ಒಳಗೆ ಹೋಗಲಾರ. ಗುಜರಾತಿನ ವೇಳಾವದರ್ ಉದ್ಯಾನದಲ್ಲಿ ಹುಲ್ಲುಗಾವಲು ಉಳಿಸಿಕೊಳ್ಳಲು ಈ ಜಾಲಿಯನ್ನು ಕೀಳುತ್ತಲೇ ಇರಬೇಕಾಗಿದೆ. ಕಡಿದರೆ ಸಾಯುವ ಗಿಡವಲ್ಲ, ಬುಡದಿಂದ ಹತ್ತು ಕವಲಾಗಿ ಬರುತ್ತದೆ. ಬೇರಿನ ಗಡ್ಡೆ ಸಮೇತ ಗೇಣಿನ ಆಳಕ್ಕಿಂತ ಕೆಳಗಿನಿಂದ ಕೀಳಬೇಕು, ಅದೂ ಕಾಯಿ ಹಣ್ಣಾಗುವ ಮೊದಲು. ಒಂದೇ ಸಲ ಜೆಸಿಬಿ ತಂದು ಹತ್ತೂ ಎಕರೆ ಬೋಳು ಮಾಡಿದರೆ ಮೊದಲ ಮಳೆಗೆ ಬರುವುದು ಹುಲ್ಲಲ್ಲ, ಪಾರ್ಥೇನಿಯಂ. ವರ್ಷಕ್ಕೆ ಮೂರನೇ ಒಂದು ಪಾಲು ಕೀಳಿ, ಕಿತ್ತ ಕಡೆ ಆ ಮಳೆಗಾಲದಲ್ಲೇ ಅಂಜನ ಹುಲ್ಲಿನ ಬೀಜ ಚೆಲ್ಲಿ. ಕಟ್ಟಿಗೆ ಇದ್ದಿಲು ಸುಡುವವರಿಗೆ ಹೋದರೆ ಕೂಲಿಯ ಒಂದು ಭಾಗ ಹುಟ್ಟುತ್ತದೆ. ಇದೆಲ್ಲ ಪಹಣಿಯಲ್ಲಿ ನಿಮ್ಮ ಹೆಸರಿರುವ ಹೊಲದ ಮಾತು. ಪಕ್ಕದ ಕಾವಲು, ಗೋಮಾಳದಲ್ಲಿ ಇಲಾಖೆಯನ್ನು ಕೇಳದೆ ಕೊಡಲಿ ಎತ್ತಬೇಡಿ.

ಕೊಂಡುಕುರಿಯ ನೆಲದಲ್ಲಿ ಗಿಡಕ್ಕೆ ಬೆಲೆಯಿದೆ, ಆದರೆ ನೆಟ್ಟ ಗಿಡಕ್ಕಿಂತ ಬಿಟ್ಟ ಗಿಡಕ್ಕೆ. ಕಾರೆ, ಕವಳೆ, ಬಾರೆ, ತುಗ್ಗಲಿ ಇವೆಲ್ಲ ಕಲ್ಲಿನ ಸಂದಿಯಲ್ಲಿ ತಾವಾಗಿ ಹುಟ್ಟುತ್ತವೆ. ಮೇಕೆ ಬಾಯಿ ಹಾಕದಂತೆ ನಾಲ್ಕು ವರ್ಷ ನೋಡಿಕೊಂಡರೆ ಪೊದೆ ಕಟ್ಟುತ್ತವೆ. ನೆಡಲೇಬೇಕೆಂದರೆ ಹತ್ತಿಪ್ಪತ್ತು ನೆಲ್ಲಿ, ಬದುವಿನಲ್ಲಿ ಕಮರ, ಅಷ್ಟೇ. ಲಂಟಾನ ಹಬ್ಬಿದ್ದರೆ ಪೊದೆ ತಾನೇ ಎಂದು ಬಿಡಬೇಡಿ, ಅದರಡಿ ಮೇವು ಬೆಳೆಯುವುದಿಲ್ಲ.

ಕುರಿ ಬಿಡುವುದೋ, ಬೇಡವೋ

ಇಡೀ ವಿಷಯದ ಜೀವ ಇರುವುದು ಇಲ್ಲಿ. ದುಡ್ಡು ಕಡಿಮೆ, ಜಗಳ ಜಾಸ್ತಿ ಆಗುವ ಕೆಲಸವೂ ಇದೇ.

ಮೆಲುಕು ಹಾಕುವ ಪ್ರಾಣಿ ದಿನಕ್ಕೆ ತನ್ನ ತೂಕದ ಶೇ. 2ರಿಂದ 3ರಷ್ಟು ಒಣ ಮೇವು ತಿನ್ನುತ್ತದೆ ಎನ್ನುವುದು ಸಾಮಾನ್ಯ ಲೆಕ್ಕ. 30 ಕಿಲೋದ ಕುರಿಗೆ ಮುಕ್ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು, 40 ಕಿಲೋದ ಕೃಷ್ಣಮೃಗಕ್ಕೆ ಒಂದು ಕಿಲೋ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಕಲ್ಲುನೆಲದಲ್ಲಿ ಎಕರೆಗೆ ಅರ್ಧ ಟನ್ ಒಣ ಹುಲ್ಲು ಬಂದರೆ ಒಳ್ಳೆಯ ವರ್ಷ. ಅದರಲ್ಲಿ ಅರ್ಧ ನೆಲದಲ್ಲೇ ಉಳಿಯಬೇಕು, ಇಲ್ಲದಿದ್ದರೆ ಬೇರು ಸೊರಗುತ್ತದೆ. ಉಳಿದ 250 ಕಿಲೋವನ್ನು 20 ಕುರಿಗಳು ಹದಿನೈದೇ ದಿನದಲ್ಲಿ ಮುಗಿಸುತ್ತವೆ. ಐದು ಎಕರೆಗೆ ಮುನ್ನೂರು ಕುರಿಯ ಮಂದೆ ಬಂದರೆ ವಾರ ಸಾಕು. ಆಮೇಲೆ ಏಪ್ರಿಲ್‌ನಲ್ಲಿ ಕೃಷ್ಣಮೃಗ ಬಂದು ಏನು ತಿನ್ನಬೇಕು?

ಮೂರು ದಾರಿಗಳಿವೆ. ಒಂದು, ಪೂರ್ತಿ ಮುಚ್ಚುವುದು. ಮೊದಲ ಒಂದೆರಡು ವರ್ಷಕ್ಕೆ ಇದೇ ಒಳ್ಳೆಯದು, ಅದರಲ್ಲೂ ನೆಲ ಬರಿದಾಗಿ ಗರಿಕೆಯೂ ಇಲ್ಲದಂತಾಗಿದ್ದರೆ. ಆದರೆ ಮುಚ್ಚಿಯೇ ಇಟ್ಟರೆ ಕರಡ ಹುಲ್ಲು ಬಲಿತು ಕಡ್ಡಿಯಾಗುತ್ತದೆ, ಅದರ ಮುಳ್ಳುಬೀಜ ಮೈಗೆ ಚುಚ್ಚುತ್ತದೆ, ಪ್ರಾಣಿ ಬಾಯಿ ಹಾಕುವುದಿಲ್ಲ. ಬೇಸಿಗೆಯಲ್ಲಿ ಒಂದು ಬೀಡಿ ಸಾಕು, ಎಲ್ಲ ಬೂದಿ. ಕೊಂಡುಕುರಿಗಾದರೆ ಈ ಉದ್ದ ಹುಲ್ಲು ಪರವಾಗಿಲ್ಲ, ಕೃಷ್ಣಮೃಗಕ್ಕೆ ಅಲ್ಲ.

ಎರಡು, ಮಳೆಗಾಲ ಮುಚ್ಚಿ ಆಮೇಲೆ ಕೊಯ್ಯುವುದು. ಮೃಗಶಿರ ಮಳೆಯಿಂದ ಸ್ವಾತಿ ಮಳೆಯವರೆಗೆ ಯಾರ ಬಾಯಿಯೂ ಬೀಳದಂತೆ ಕಾಯ್ದು, ಬೀಜ ಉದುರಿದ ಮೇಲೆ ಹೊಲದ ಅರ್ಧವನ್ನು ಪಟ್ಟೆ ಪಟ್ಟೆಯಾಗಿ ಕೊಯ್ದು ಬಣವೆ ಒಟ್ಟುವುದು. ನನ್ನ ಮೆಚ್ಚಿನದು ಇದು. ಕೊಯ್ದ ಪಟ್ಟೆಯಲ್ಲಿ ಹಿಂಗಾರಿನ ಒಂದು ಹದಕ್ಕೆ ಎಳೆ ಚಿಗುರು ಬರುತ್ತದೆ, ಕೊಯ್ಯದ ಪಟ್ಟೆಯಲ್ಲಿ ಮರಿ ಅಡಗುತ್ತದೆ. ಕೊಯ್ದ ಮೇವು ಮನೆಯ ದನಕ್ಕೆ ಆಯಿತು. ಬರ ಬಿದ್ದ ವರ್ಷ ಅದರ ಬೆಲೆ ಚಳ್ಳಕೆರೆ, ಮೊಳಕಾಲ್ಮೂರಿನ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳನ್ನು ಕೇಳಿ. ಕೊಯ್ಯುವಾಗ ಹೊಲದ ನಡುವಿನಿಂದ ಶುರು ಮಾಡಿ ಅಂಚಿನ ಕಡೆ ಬನ್ನಿ. ಅಂಚಿನಿಂದ ಸುತ್ತಿ ಬಂದರೆ ಒಳಗಿದ್ದ ಮರಿ, ಮೊಲ, ಗೌಜಲಹಕ್ಕಿ ಎಲ್ಲ ನಡುವೆ ಸಿಕ್ಕಿಬೀಳುತ್ತವೆ.

ಮೂರು, ಹೊಲವನ್ನು ಮೂರು ತುಂಡು ಮಾಡಿ ಸರದಿಯಂತೆ ಮೇಯಿಸುವುದು. ಕಾಗದದ ಮೇಲೆ ಇದು ಎಲ್ಲಕ್ಕಿಂತ ಚೆನ್ನ. ನಿಮ್ಮದೇ ಕುರಿ, ನಿಮ್ಮದೇ ಕುರಿಗಾಹಿ ಇದ್ದರೆ ಮಾಡಿ. ಬೇರೆಯವರ ಮಂದೆಯಾದರೆ ತುಂಡಿನ ಗೆರೆಯನ್ನು ಕಾಯುವವರು ಯಾರು?

ಕುರಿಗಾಹಿಗಳನ್ನು ಶತ್ರು ಮಾಡಿಕೊಳ್ಳುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಕಾವಲಿನಲ್ಲಿ ತೋಳ ಎಲ್ಲಿ ಮರಿ ಹಾಕಿದೆ, ಯಾರು ಉರುಳು ಒಡ್ಡಿದ್ದಾರೆ ಎಂದು ಮೊದಲು ಗೊತ್ತಾಗುವುದು ಅವರಿಗೆ. ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಗೋಡೆಯೊಳಗೆ ಹೋದ ಮೇಲೆ ಅವರಿಗೂ ಹುಲ್ಲಿಲ್ಲ, ಕೃಷ್ಣಮೃಗಕ್ಕೂ ಇಲ್ಲ. ಕುರಿ ತರುಬಲು (ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ನಿಲ್ಲಿಸಲು) ನಿಮ್ಮ ಬೇರೆ ಹೊಲ ತೋರಿಸಿ, ಬೀಳಿನ ಹುಲ್ಲಿಗೆ ಬಿಡುವು ಕೇಳಿ. ಮಂದೆಗೆ ಪಿಪಿಆರ್ ಎಂಬ ಕುರಿ-ಮೇಕೆಗಳ ಅಂಟುರೋಗದ ಲಸಿಕೆ, ದನಕ್ಕೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಲು ಪಶು ಆಸ್ಪತ್ರೆಯವರನ್ನು ಒಮ್ಮೆ ಹಟ್ಟಿಗೆ ಕರೆತನ್ನಿ. ಎರಡೂ ರೋಗ ಕಾಡಿನ ಗೊರಸುಪ್ರಾಣಿಗಳಿಗೂ ಅಂಟುತ್ತವೆ.

ನೀರು: ಕೃಷಿ ಹೊಂಡ, ಗೋಕಟ್ಟೆ, ತಟ್ಟೆ ತೊಟ್ಟಿ

ಕೃಷಿ ಹೊಂಡ ಬೆಳೆಗೆ ವರ, ಪ್ರಾಣಿಗೆ ಬಲೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕಡಿದಾದ ಗೋಡೆಯಲ್ಲಿ ಇಳಿದ ಗೊರಸು ಮತ್ತೆ ಮೇಲೆ ಹತ್ತುವುದಿಲ್ಲ. ಈಜಿ ಈಜಿ ಸುಸ್ತಾಗಿ ಮುಳುಗುತ್ತದೆ. ಆಗಲೇ ಹೊಂಡ ಇದ್ದವರು ಮಾಡಬೇಕಾದ ಕೆಲಸ ಎರಡು: ಸುತ್ತ ಬೇಲಿ, ಮತ್ತು ಒಂದು ಮೂಲೆಯಲ್ಲಿ ಹಳೆಯ ಟೈರುಗಳನ್ನು ಹಗ್ಗದಿಂದ ಪೋಣಿಸಿ ತಳದವರೆಗೆ ಇಳಿಬಿಟ್ಟ ಮೆಟ್ಟಿಲು. ಪ್ರಾಣಿಗಾಗಿ ಹೊಸದಾಗಿ ಹೊಂಡ ತೋಡಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ದನಕರು ನೀರು ಕುಡಿಯುವ ಗೋಕಟ್ಟೆ ಹಿರಿಯರ ಜಾಣತನ. ಮೂರು ಕಡೆ ಇಳಿಜಾರು, ಮಣ್ಣಿನ ತಳ, ಯಾವ ಪ್ರಾಣಿಯೂ ನಡೆದು ಇಳಿದು ನಡೆದು ಹತ್ತಬಹುದು. ಉದ್ಯೋಗ ಖಾತ್ರಿಯಲ್ಲಿ ಅಗೆದ ಎಷ್ಟೋ ಗೋಕಟ್ಟೆಗಳು ಊರ ಸುತ್ತ ಇವೆ, ಹೂಳು ತುಂಬಿವೆ ಅಷ್ಟೇ. ಇದರ ದೋಷ ಒಂದೇ, ಅದೂ ದೊಡ್ಡದು: ಬಹಳಷ್ಟು ಕಟ್ಟೆಗಳು ಫೆಬ್ರವರಿಗೇ ಒಣಗುತ್ತವೆ. ನೀರು ಬೇಕಾದದ್ದು ಆಮೇಲೆ.

ಹಾಗಾಗಿ ಬೇಸಿಗೆಗೆ ತಟ್ಟೆ ತೊಟ್ಟಿಯೇ ಗತಿ: ನೆಲಮಟ್ಟಕ್ಕೆ ಸಿಮೆಂಟಿನಲ್ಲಿ ಕಟ್ಟಿದ, ಆರೇಳು ಅಡಿ ಅಗಲದ, ನಡುವೆ ಅಡಿಯಷ್ಟೂ ಆಳವಿಲ್ಲದ ತಟ್ಟೆ. ಖರ್ಚು ಕಡಿಮೆ, ಮರಿಯೂ ಮುಳುಗುವುದಿಲ್ಲ. ಆದರೆ ತುಂಬಿಸುವ ಲೆಕ್ಕ ಮೊದಲೇ ಹಾಕಿಕೊಳ್ಳಿ. ನಮ್ಮ ಏಪ್ರಿಲ್ ಬಿಸಿಲಿಗೆ, ಗಾಳಿಗೆ ದಿನಕ್ಕೆ ಎಂಟು ಮಿಲಿಮೀಟರ್ ಆವಿಯಾದರೂ ಅಷ್ಟಗಲದ ತಟ್ಟೆಯಿಂದ 25 ಲೀಟರ್ ಬರೀ ಆಕಾಶಕ್ಕೆ ಹೋಗುತ್ತದೆ. ಕುಡಿಯುವ ನೀರು ಅದರ ಮೇಲೆ. ಎರಡು ದಿನಕ್ಕೊಮ್ಮೆ ನೂರಿನ್ನೂರು ಲೀಟರ್ ತುಂಬುವ ಏರ್ಪಾಡು ಇಲ್ಲದಿದ್ದರೆ ಶುರು ಮಾಡಲೇಬೇಡಿ. ನೀರಿನ ರುಚಿ ತೋರಿಸಿ ಏಪ್ರಿಲ್ ನಡುವೆ ನಿಲ್ಲಿಸಿದರೆ, ನಂಬಿ ಉಳಿದ ಪ್ರಾಣಿಗೆ ಬೇರೆ ಕಡೆ ಹೋಗಲು ಶಕ್ತಿಯೂ ಉಳಿದಿರುವುದಿಲ್ಲ. ರೋಹಿಣಿ ಮಳೆ ಬಿದ್ದು ಗುಂಡಿಗಳು ತುಂಬುವವರೆಗೂ ತಪ್ಪಿಸುವಂತಿಲ್ಲ.

ಜಾಗ: ಕೃಷ್ಣಮೃಗಕ್ಕೆ ಬಟ್ಟ ಬಯಲಿನ ನಡುವೆ, ಕೊಂಡುಕುರಿಗೆ ಪೊದೆಯಿಂದ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ. ರಸ್ತೆ ಮತ್ತು ಮನೆಯಿಂದ ಎಷ್ಟು ದೂರವಾದರೆ ಅಷ್ಟು ಒಳ್ಳೆಯದು.

ಕಾಳು, ಉಪ್ಪು, ಮೇವಿನ ಬೆಳೆ

ಮೆಕ್ಕೆಜೋಳದ ಸೀಮೆಯಲ್ಲಿರುವುದರಿಂದ ಒಂದು ಚೀಲ ಸುರಿದು ಬರುವ ಆಸೆ ದಾವಣಗೆರೆಯವರಿಗೆ ಸಹಜ. ಮಾಡಬೇಡಿ. ಒಣ ಹುಲ್ಲಿಗೆ ಹೊಂದಿಕೊಂಡ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದರೆ ಹುಳಿಯಾಗಿ, ಉಬ್ಬರಿಸಿ, ಪ್ರಾಣಿ ಸಾಯುತ್ತದೆ. ದನ ಸಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಖನಿಜದ ಉಪ್ಪಿನ ಗಡ್ಡೆ ಅಮೆರಿಕದ ಜಿಂಕೆ ಸಾಕುವವರ ಅಚ್ಚುಮೆಚ್ಚು. ನಮ್ಮ ತೆರೆದ ಹೊಲದಲ್ಲಿ ಅದು ಎಲ್ಲ ಪ್ರಾಣಿಯನ್ನೂ, ಪಕ್ಕದ ಮಂದೆಯನ್ನೂ, ಉರುಳು ಒಡ್ಡುವವನನ್ನೂ ಒಂದೇ ಜಾಗಕ್ಕೆ ಕರೆಯುತ್ತದೆ. ಬೇಡ.

ಮೇವಿನ ಬೆಳೆ ಮಾತ್ರ ಯೋಚಿಸಬಹುದಾದದ್ದು. ಎರೆ ಪಟ್ಟೆಯೇನಾದರೂ ಇದ್ದರೆ ಒಂದರ್ಧ ಎಕರೆ ಹುರುಳಿ ಚೆಲ್ಲಿ ಕೊಯ್ಯದೆ ಬಿಡಿ. ಕೆಂಪು ಕಲ್ಲುನೆಲಕ್ಕೆ ಸ್ಟೈಲೋ ಎಂಬ ದ್ವಿದಳ ಮೇವಿನ ಗಿಡ ವಾಸಿ. ಹುಲ್ಲಿನ ನಡುವೆ ಬೆರೆತು ವರ್ಷವರ್ಷ ತಾನೇ ಹುಟ್ಟುತ್ತದೆ, ಹುಲ್ಲಿನಲ್ಲಿ ಕಡಿಮೆಯಿರುವ ಪ್ರೋಟೀನ್ ಕೊಡುತ್ತದೆ. ಪಕ್ಕದವರ ಶೇಂಗಾ ಹೊಲಕ್ಕೆ ತಾಗಿದಂತೆ ಮಾತ್ರ ಹಾಕಬೇಡಿ. ನೀವು ಕರೆದ ಅತಿಥಿ ಅವರ ಬೆಳೆ ತಿಂದರೆ ಇಲಾಖೆಯ ಪರಿಹಾರಕ್ಕೆ ಅರ್ಜಿ ಹಾಕಿಕೊಂಡು ಓಡಾಡುವವರು ಅವರು.

ಬೇಲಿ ಮತ್ತು ನಾಯಿ

ಕೃಷ್ಣಮೃಗ ಅಷ್ಟೆತ್ತರ ನೆಗೆಯಬಲ್ಲದಾದರೂ ಬೇಲಿ ಎದುರಾದರೆ ಹಾರುವುದಕ್ಕಿಂತ ಕೆಳಗೆ ನುಸುಳಲು ನೋಡುತ್ತದೆ. ಮುಳ್ಳುತಂತಿ ಬೆನ್ನು ಸೀಳುತ್ತದೆ, ಹುಳು ಬೀಳುತ್ತದೆ. ಅಮೆರಿಕದ ಬಯಲಿನ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿಗೂ ಇದೇ ಅಭ್ಯಾಸ. ಅಲ್ಲಿ ಕೆಳಗಿನ ತಂತಿಯನ್ನು ಮುಳ್ಳಿಲ್ಲದ್ದು ತಂದು ನೆಲದಿಂದ ಒಂದೂವರೆ ಅಡಿ ಮೇಲೆ ಕಟ್ಟುತ್ತಾರೆ. ದನ ತಡೆಯಲು ಬೇಲಿ ಬೇಕೇ ಬೇಕು ಎನ್ನುವವರು ಹಾಗೆ ಮಾಡಿ. ಇಲ್ಲವಾದರೆ ಕತ್ತಾಳೆ ಬದುವೇ ಚೆನ್ನ, ನಡುನಡುವೆ ಸಂದಿ ಬಿಟ್ಟು. ಜಾಲರಿ ಬೇಲಿ ಪೂರ್ತಿ ತಪ್ಪು, ಅದು ಹಿಂಡನ್ನೇ ಒಡೆಯುತ್ತದೆ. ಹಂದಿಗೆಂದು ಮೇನ್ ಲೈನಿನಿಂದ ನೇರವಾಗಿ ತಂತಿಗೆ ಕರೆಂಟ್ ಕೊಡುವವರು ಅಪರಾಧಿಗಳು, ಎಷ್ಟೋ ಸಲ ಸಾಯುವುದು ಮನುಷ್ಯರೇ.

ಊರ ನಾಯಿಗಳು ತೋಳಕ್ಕಿಂತ ದೊಡ್ಡ ಕಂಟಕ. ತೋಳ ಹಸಿದಾಗ ಒಂದನ್ನು ಹಿಡಿಯುತ್ತದೆ. ನಾಯಿಗಳು ಗುಂಪಾಗಿ ದಿನಾ ಓಡಿಸುತ್ತವೆ, ಬಸುರಿ ಹೆಣ್ಣನ್ನೂ ಬಿಡುವುದಿಲ್ಲ. ಓಡಿ ಓಡಿ ಕರಗಿದ ಮೈಗೆ ಯಾವ ಹುಲ್ಲೂ ಸಾಲದು. ಕೋಳಿ ಅಂಗಡಿಯ ಕಸ, ಸತ್ತ ದನ ಕಾವಲಿನ ಅಂಚಿಗೆ ತಂದು ಹಾಕುವುದನ್ನು ನಿಲ್ಲಿಸಿದರೆ ನಾಯಿಗಳು ಅರ್ಧ ಕಡಿಮೆಯಾಗುತ್ತವೆ. ಪಂಚಾಯಿತಿಯಲ್ಲಿ ಮಾತಾಡಬೇಕಾದ ವಿಷಯ, ಬೇಲಿಗಿಂತ ಅಗ್ಗ.

ನಿಮ್ಮ ಎಕರೆಗೆ ಯಾವುದು

ಇಪ್ಪತ್ತು ಎಕರೆಗಿಂತ ಹೆಚ್ಚು, ಅದೂ ಕಾವಲಿಗೆ ತಾಗಿ ಇದ್ದರೆ: ಮೊದಲ ವರ್ಷ ಪೂರ್ತಿ ಮುಚ್ಚಿ, ಜಾಲಿ ಮೂರನೇ ಒಂದು ಪಾಲು ಕೀಳಿ, ಎರಡನೇ ವರ್ಷದಿಂದ ಪಟ್ಟೆ ಕೊಯ್ಲು, ನಡುವೆ ಒಂದು ತಟ್ಟೆ ತೊಟ್ಟಿ. ಜನವರಿಯೊಳಗೆ ಸುತ್ತ ಹತ್ತಡಿ ಅಗಲ ಹುಲ್ಲು ಕೆತ್ತಿ ಬೆಂಕಿ ತಡೆಯುವ ದಾರಿ ಮಾಡಿಕೊಳ್ಳಿ. ಅಕ್ಕಪಕ್ಕದ ನಾಲ್ಕು ಮನೆಯವರು ಒಪ್ಪಿದರೆ ಸಮುದಾಯ ಮೀಸಲು ಎಂಬ ದಾರಿಯೂ ಕಾಯ್ದೆಯಲ್ಲಿದೆ; 2002ರ ತಿದ್ದುಪಡಿಯಲ್ಲಿ ಬಂದದ್ದು. ಖಾಸಗಿ ಇಲ್ಲವೇ ಸಮುದಾಯದ ನೆಲವನ್ನು ಒಡೆಯರು ತಾವಾಗಿ ಸಂರಕ್ಷಣೆಗೆ ಬಿಟ್ಟರೆ ಸರ್ಕಾರ ಘೋಷಿಸುತ್ತದೆ. ಮಂಡ್ಯದ ಕೊಕ್ಕರೆ ಬೆಳ್ಳೂರು ಹಾಗೆ ಆದದ್ದು, 2007ರಲ್ಲಿ. ಆದರೆ ಘೋಷಣೆಯಾದ ಮೇಲೆ ನೆಲದ ಬಳಕೆ ಬದಲಿಸಲು ಅನುಮತಿ ಬೇಕಾಗುತ್ತದೆ, ಮಾರುವ ಯೋಚನೆ ಇರುವ ಅಣ್ಣತಮ್ಮಂದಿರಿದ್ದರೆ ಆ ಕಡೆ ಹೋಗಬೇಡಿ.

ಐದರಿಂದ ಇಪ್ಪತ್ತು ಎಕರೆ, ಗುಡ್ಡದ ಮಗ್ಗುಲು: ಕೊಂಡುಕುರಿಯೇ. ಮೇಕೆ ತಡೆಯಿರಿ, ಪೊದೆ ಬಿಡಿ, ಲಂಟಾನ ಕೀಳಿ, ನೀರಿಡಿ. ಕೊಯ್ಲು ಬೇಡ.

ಬಯಲಿನ ಐದು ಎಕರೆಗಿಂತ ಕಡಿಮೆ ಇದ್ದರೆ ತೊಟ್ಟಿ ಕಟ್ಟುವ ಗೋಜಿಗೆ ಹೋಗಬೇಡಿ, ಸುತ್ತಲಿನವರಿಗೆ ತೊಂದರೆ. ಹುಲ್ಲಿಗೆ ಮಳೆಗಾಲದ ಬಿಡುವು ಕೊಡಿ, ಮುಳ್ಳುತಂತಿ ಇದ್ದರೆ ಬಿಚ್ಚಿ, ಹಾಳು ಬಾವಿಯ ಬಾಯಿಗೆ ಕಟ್ಟೆ ಕಟ್ಟಿಸಿ. ಒಂದೆರಡು ಎಕರೆಯವರು ಬೆಳೆ ಹೊಲದ ಬದುವನ್ನೇ ಆರಡಿ ಅಗಲ ಮಾಡಿ ಕಳೆನಾಶಕ ಹೊಡೆಯದೆ ಬಿಟ್ಟರೆ ಬೇಸಿಗೆಯಲ್ಲಿ ಅಷ್ಟು ಹುಲ್ಲು ಉಳಿಯುತ್ತದೆ. ಈ ಎಲ್ಲ ಆಯ್ಕೆಗೂ ಕುರಿಗಾಹಿಗಳ ಜೊತೆ ಮಾತು ಮೇ ತಿಂಗಳಲ್ಲೇ ಆಗಬೇಕು. ಮೃಗಶಿರ ಹನಿದು ಹುಲ್ಲು ಚಿಗುರಿದ ಮೇಲೆ ಹೋದರೆ ಮಂದೆ ಆಗಲೇ ಹೊಲದಲ್ಲಿರುತ್ತದೆ.